ಡೇಕೇರ್ ಅಂಗಳಕ್ಕೆ ಪಕ್ಕದ ಮನೆಯ ಮಕ್ಕಳು ಬಂದಾಗ

ಶಿವಮೊಗ್ಗದ ವಿನೋಬನಗರ, ಗೋಪಾಳದಂಥ ಬಡಾವಣೆಗಳಲ್ಲಿ ಮನೆಯ ಹಾಲ್ ಮತ್ತು ಅಂಗಳವನ್ನೇ ಬಳಸಿಕೊಂಡು ನಾಲ್ಕಾರು ಮಕ್ಕಳನ್ನು ನೋಡಿಕೊಳ್ಳುವ ಗೃಹಿಣಿಯರನ್ನು ಇಕ್ಕಟ್ಟಿಗೆ ಸಿಲುಕಿಸುವವರು ಹಲವು ಸಲ ಡೇಕೇರ್‌ನ ಮಕ್ಕಳಲ್ಲ, ಅಕ್ಕಪಕ್ಕದ ಮನೆಯ ಮಕ್ಕಳು. ಬರಬೇಡ ಎಂದರೆ ನೆರೆಮನೆಯವರ ಮನಸ್ಸು ನೋಯುತ್ತದೆ. ಬರಲಿ ಎಂದು ಬಿಟ್ಟರೆ, ತಿಂಗಳಿಗೆ ಹಣ ಕೊಟ್ಟು ಮಗುವನ್ನು ಒಪ್ಪಿಸಿ ಹೋಗುವ ಪೋಷಕರು ಪ್ರಶ್ನೆ ಕೇಳುತ್ತಾರೆ. ಗೇಟು ದಾಟಿ ಒಳಬಂದ ಮಗುವಿನ ಹೊಣೆ ಆ ಹೊತ್ತಿನಲ್ಲಿ ಯಾರದ್ದು ಎಂಬುದನ್ನು ಮೊದಲೇ ತೀರ್ಮಾನಿಸಿಕೊಂಡರೆ ಈ ತೊಡಕಿನ ಬಹುಪಾಲು ಬಿಡಿಸಿದಂತೆ.

ಮೊದಲು ಎಣಿಕೆ ಮಾಡಿಕೊಳ್ಳಿ. ಕೇಂದ್ರ ಸರ್ಕಾರದ ಪಾಲನಾ ಯೋಜನೆಯ ಶಿಶುಪಾಲನಾ ಕೇಂದ್ರಗಳಲ್ಲಿ 6 ತಿಂಗಳಿಂದ 6 ವರ್ಷದವರೆಗಿನ ಗರಿಷ್ಠ 25 ಮಕ್ಕಳಿಗೆ ಒಬ್ಬ ಕಾರ್ಯಕರ್ತೆ ಮತ್ತು ಒಬ್ಬ ಸಹಾಯಕಿ ಇರುತ್ತಾರೆ. ಒಲೆಯ ಮೇಲೆ ಹಾಲಿಟ್ಟು, ಮಧ್ಯೆ ಫೋನ್ ಕರೆಗೂ ಉತ್ತರಿಸುತ್ತ ಒಬ್ಬರೇ ನಿಭಾಯಿಸುವ ಮನೆಗೆ ಈ ಲೆಕ್ಕ ಒಗ್ಗುವುದಿಲ್ಲ. ಅಂಬೆಗಾಲಿಡುವ ಎರಡು ಕೂಸುಗಳಿದ್ದರೆ ನಿಮ್ಮ ಮಿತಿ ಇನ್ನೂ ಕುಗ್ಗುತ್ತದೆ. ಪಕ್ಕದ ಮನೆಯ ಮಗು ಸುಮ್ಮನೆ ಆಡಲು ಬಂದದ್ದಾದರೂ ಆ ಮಿತಿಯೊಳಗೇ ಸೇರಬೇಕು.

ನಂತರ ಮಾತನಾಡಬೇಕಾದದ್ದು ಮಗುವಿನೊಂದಿಗಲ್ಲ, ಅದರ ತಾಯಿಯೊಂದಿಗೆ. ಅದೂ ತಕರಾರು ಹುಟ್ಟುವ ಮೊದಲು. "ಅಕ್ಕಾ, ಸಂಜೆ ನಾಲ್ಕೂವರೆಯಿಂದ ಐದೂವರೆವರೆಗೆ ಮಗನನ್ನು ಕಳಿಸಿ, ನಾನೂ ಅಂಗಳದಲ್ಲೇ ಇರುತ್ತೇನೆ. ಮಧ್ಯಾಹ್ನ ಮಕ್ಕಳು ಮಲಗಿರುತ್ತಾರೆ, ಆಗೊಂದು ಬೇಡ" ಎಂದು ಹೇಳಿದರೆ ಬೇಸರಕ್ಕೆ ಎಡೆಯಿರುವುದಿಲ್ಲ. ಮಲೆನಾಡಿನ ದಾಕ್ಷಿಣ್ಯ "ಬರಲಿ ಬಿಡಿ" ಎಂದು ಸುಲಭವಾಗಿ ಹೇಳಿಸಿಬಿಡುತ್ತದೆ. ಹೊತ್ತು ಗೊತ್ತುಮಾಡದ ಅಂಥ ಒಪ್ಪಿಗೆಯೇ ಮುಂದೆ ಜಗಳಕ್ಕೆ ದಾರಿ. ಇದೇ ಏರ್ಪಾಡನ್ನು ಡೇಕೇರ್‌ನ ಪೋಷಕರಿಗೂ ತಿಳಿಸಿ, ಅವರ ಒಪ್ಪಿಗೆ ಪಡೆಯಿರಿ.

ಮೂರನೆಯದು ಗೇಟು. ನನ್ನ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಹೆಚ್ಚು ಗಮನ ಬೇಡುವುದು ಇದೇ. ಏಳೆಂಟು ವರ್ಷದ ಹುಡುಗ ಚಿಲಕ ತೆಗೆದು ಒಳಗೆ ಓಡಿಬರುತ್ತಾನೆ, ಹಾಕುವುದನ್ನು ಮರೆಯುತ್ತಾನೆ. ಅವನ ಹಿಂದೆಯೇ ಎರಡು ವರ್ಷದ ಮಗು ಹೊರಗೆ ಹೋಗಿರುತ್ತದೆ. ತುಂಗಾ ನಾಲೆಯ ಪಕ್ಕದ ಬೀದಿಗಳಲ್ಲಿ, ತೀರ್ಥಹಳ್ಳಿ, ಹೊಸನಗರದ ಕಡೆ ಹಿತ್ತಲಿನಲ್ಲೇ ಬಾವಿ ಇರುವ ಮನೆಗಳಲ್ಲಿ ಇದು ಪ್ರಾಣಾಪಾಯದ ವಿಷಯ. ಆದ್ದರಿಂದ ಮಕ್ಕಳ ಕೈಗೆಟುಕದ ಎತ್ತರದಲ್ಲಿ ಒಳಗಿನಿಂದ ಇನ್ನೊಂದು ಚಿಲಕ ಹಾಕಿಸಿ, ಬಂದವರು ಕೂಗಿ ಕರೆದ ಮೇಲೆ ನೀವೇ ತೆರೆಯುವ ಪದ್ಧತಿ ಇಟ್ಟುಕೊಳ್ಳಿ. ಬಾವಿಗೆ ಗಟ್ಟಿಯಾದ ಜಾಲರಿ ಇರಲಿ. ಬಚ್ಚಲಿನ ಹಂಡೆ, ಒಲೆಗಳ ಕಡೆ ಯಾವ ಮಗುವೂ ಸುಳಿಯದಂತೆ ಬಾಗಿಲು ಮುಚ್ಚಿರಲಿ. ನೀರು ತುಂಬಿದ ಬಕೆಟ್ಟನ್ನೂ ಬಯಲಲ್ಲಿ ಬಿಡಬೇಡಿ, ಚಿಕ್ಕ ಕೂಸು ಅದರಲ್ಲೂ ಮುಳುಗಬಲ್ಲದು. ದೊಡ್ಡ ಮಕ್ಕಳಿಗೆ "ಇವನನ್ನು ಸ್ವಲ್ಪ ನೋಡಿಕೋ" ಎಂದು ಚಿಕ್ಕವರನ್ನು ಒಪ್ಪಿಸುವುದೂ ಸಲ್ಲದು. ಎಂಟು ವರ್ಷದ ಹುಡುಗಿ ಎಷ್ಟೇ ಜಾಣೆಯಾದರೂ ಅವಳೂ ಮಗುವೇ.

ತಿಂಡಿಯ ಹೊತ್ತಿಗೆ ಬಂದ ಮಗುವನ್ನು ನೋಡುತ್ತ ಕೂರಿಸಿ ಉಳಿದವರಿಗೆ ಬಡಿಸುವುದು ನಮ್ಮ ಕಡೆ ಯಾರಿಗೂ ಆಗದ ಕೆಲಸ. ಹಾಗಾಗಿ ಹೊರಗಿನವರ ಆಟದ ವೇಳೆಯನ್ನು ತಿಂಡಿಯಾದ ಮೇಲಕ್ಕೆ ಇಡುವುದು ಜಾಣತನ. ಅವರ ಜೇಬಿನಲ್ಲಿ ಬರುವ ಶೇಂಗಾ, ಬೇಯಿಸಿದ ಹಲಸಿನ ಬೀಜಗಳ ಮೇಲೆ ಕಣ್ಣಿರಲಿ. ನಾಲ್ಕು ವರ್ಷದೊಳಗಿನವರಿಗೆ ಇಂಥ ಗಟ್ಟಿ ತಿನಿಸು ಗಂಟಲಲ್ಲಿ ಸಿಕ್ಕಿಕೊಂಡು ಉಸಿರು ಕಟ್ಟಬಹುದು.

ಮಳೆಗಾಲದಲ್ಲಿ ಜಿಲ್ಲಾಧಿಕಾರಿಗಳು ಶಾಲೆಗೆ ರಜೆ ಘೋಷಿಸಿದ ದಿನ ನೆರೆಯ ಮಕ್ಕಳು ಬೆಳಿಗ್ಗೆಯೇ ಹಾಜರಾಗುತ್ತಾರೆ, ಅಂಗಳವೂ ಇರುವುದಿಲ್ಲ. ಮುಚ್ಚಿದ ಕೋಣೆಯಲ್ಲಿ ಸೋಂಕು ಬೇಗ ಹರಡುವುದರಿಂದ ಜ್ವರ, ಕಣ್ಣು ಕೆಂಪಾಗುವುದು, ಬೊಕ್ಕೆಗಳು ಕಂಡ ಮಗುವಿಗೆ ಪ್ರವೇಶವಿಲ್ಲ ಎಂಬ ನಿಯಮ ಎಲ್ಲರಿಗೂ ಒಂದೇ ಆಗಿರಲಿ. ಸಿಡುಬಿನಂತೆ ಬೊಕ್ಕೆ ಏಳುವ ಚಿಕನ್‌ಪಾಕ್ಸ್ ಬಂದಿದ್ದರೆ, ಎಲ್ಲ ಬೊಕ್ಕೆಗಳೂ ಒಣಗಿ ಹಕ್ಕಳೆ ಕಟ್ಟುವವರೆಗೆ ಮಗು ಮನೆಯಲ್ಲೇ ಇರಬೇಕು.

ಮಕ್ಕಳ ಫೋಟೊಗಳನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವಾಗ ಹೊರಗಿನ ಮಗುವಿನ ಮುಖ ಅದರಲ್ಲಿ ಇಲ್ಲವೆಂದು ಖಚಿತಪಡಿಸಿಕೊಳ್ಳಿ.

ಅಡಿಕೆ ಕೊಯ್ಲಿನ ಕಾಲದಲ್ಲಿ ಮಾತು ಬೇರೆ. ಸುಲಿಯುವ, ಬೇಯಿಸುವ ಕೆಲಸದಲ್ಲಿ ಮನೆಮಂದಿಯೆಲ್ಲ ಮುಳುಗಿರುವಾಗ ಒಂದು ಗಂಟೆಯ ಆಟ ದಿನವಿಡೀ ಪಾಲನೆಯಾಗಿಬಿಡುತ್ತದೆ. ಅಂಥ ಮಗುವನ್ನು ಸರಿಯಾಗಿಯೇ ಸೇರಿಸಿಕೊಳ್ಳಿ: ಇತರರಿಗೆ ಬರೆಸಿಕೊಂಡಂತೆ ಪೋಷಕರ ಫೋನ್ ಸಂಖ್ಯೆ, ಔಷಧ ಮತ್ತು ಅಲರ್ಜಿಯ ವಿವರ, ಕರೆದೊಯ್ಯುವವರ ಹೆಸರು ಇವನ್ನೆಲ್ಲ ಬರೆಸಿಕೊಂಡು, ದಿನಕ್ಕಿಷ್ಟೆಂದು ಶುಲ್ಕ ಗೊತ್ತುಮಾಡಿ. ಬೇಕಿದ್ದರೆ ರಿಯಾಯಿತಿ ಕೊಡಬಹುದು. ಜಾಗವಿಲ್ಲದಿದ್ದರೆ ಹಾಗೆಂದೇ ಹೇಳಿ, ಮಗು 3ರಿಂದ 6 ವರ್ಷದ್ದಾಗಿದ್ದರೆ ಹತ್ತಿರದ ಅಂಗನವಾಡಿಯಲ್ಲಿ ವಿಚಾರಿಸಲು ತಿಳಿಸಿ.