ಆರ್‌ಓ ಪೈಪ್ ನಾನೇ ಹಾಕಿದ್ದು: 6 ಎಂಎಂ ಬೇರೆ, ಕಾಲಿಂಚ್ ಬೇರೆ

ನಾನು ಪ್ಲಂಬರ್ ಅಲ್ಲ. ಪೀಣ್ಯದಲ್ಲಿ ಒಂದು ಫ್ಯಾಕ್ಟರೀಲಿ ಮೇಂಟೆನೆನ್ಸ್ ಕೆಲಸ, ದಿನಾ ಏರ್ ಲೈನು, ವಾಲ್ವು, ಸಿಲಿಂಡರು ಇವುಗಳ ಜೊತೆಗೇ ಸಂಸಾರ, ಅದಕ್ಕೇ ಮನೇಲಿ ಆರ್‌ಓ ಫಿಲ್ಟರನ್ನ ಈ ಗೋಡೆಯಿಂದ ಆ ಗೋಡೆಗೆ ಹಾಕ್ಬೇಕು ಅಂದಾಗ ಇಷ್ಟಕ್ಕೆಲ್ಲ ಯಾರನ್ನ ಕರೆಯೋದು ಅಂತ ನಾನೇ ಕೂತೆ. ಹಳೇ ಪೈಪು ಸಾಲ್ಲಿಲ್ಲ. ಏರ್ ಲೈನಿಗೆ ಅಂತ ತಂದಿಟ್ಟಿದ್ದ ನೀಲಿ ಪಿಯು (ಪಾಲಿಯುರೆಥೇನ್ ಪ್ಲಾಸ್ಟಿಕ್) ಟ್ಯೂಬು ಒಂದು ಸುರುಳಿ ಮನೇಲಿತ್ತು, ನೋಡೋಕೆ ಅದೇ ದಪ್ಪ. ಆರ್‌ಓದಲ್ಲಿರೋ ಪುಶ್ ಫಿಟಿಂಗ್, ಅಂದ್ರೆ ಪೈಪು ತಳ್ಳಿದ್ರೇ ಹಿಡ್ಕೊಳ್ಳೋ ಜೋಡಣೆ, ಅದರೊಳಗೆ ತಳ್ಳಿದೆ, ಹೋಯ್ತು. ಎಳೆದೆ, ಬರ್ಲಿಲ್ಲ. ಸಂಜೆವರೆಗೂ ಒಂದು ಹನಿ ಇಲ್ಲ.

ರಾತ್ರಿ ಎರಡೂವರೆಗೆ ಅಮ್ಮ ನೀರು ಕುಡಿಯೋಕೆ ಎದ್ದೋರು "ಲೋ ಬಾರೋ, ಅಡುಗೆಮನೆ ಕೆರೆ ಆಗಿದೆ" ಅಂತ ಕೂಗಿದ್ರು. ಸಿಂಕ್ ಕೆಳಗಿಟ್ಟಿದ್ದ ರಾಗಿ ಹಿಟ್ಟಿನ ಚೀಲ ಒಲೆ ಹಚ್ದೇನೇ ಮುದ್ದೆ ಆಗಿತ್ತು.

ಬೆಳಿಗ್ಗೆ ವರ್ನಿಯರ್ ಹಿಡಿದು ನೋಡಿದ್ರೆ ನನ್ನ ಪಿಯು ಟ್ಯೂಬು ಹೊರಗಿನ ಅಳತೆ 6 ಎಂಎಂ, ಆರ್‌ಓ ಜೊತೆ ಬಂದಿದ್ದ ಬಿಳೀ ಪೈಪು ಕಾಲಿಂಚು, ಅಂದ್ರೆ 6.35. ವ್ಯತ್ಯಾಸ ಅರ್ಧ ಎಂಎಂ ಕೂಡ ಇಲ್ಲ, ಆದ್ರೆ ಆ ಪುಶ್ ಫಿಟಿಂಗ್ ಒಳಗೆ ಎರಡು ಕೆಲಸ ಬೇರೆ ಬೇರೆ ನಡೆಯುತ್ತೆ: ಮುಂದಿರೋ ಕಾಲೆಟ್ ಅನ್ನೋ ಬಳೆಯ ಹಲ್ಲು ಪೈಪನ್ನ ಕಚ್ಚಿ ಹಿಡಿಯುತ್ತೆ, ಹಿಂದಿರೋ ಓ ರಿಂಗು ಅನ್ನೋ ರಬ್ಬರ್ ಬಳೆ ನೀರು ತಡೆಯುತ್ತೆ. ಹಲ್ಲು ಸಣ್ಣ ಪೈಪನ್ನೂ ಕಚ್ಚುತ್ತೆ, ಅದಕ್ಕೇ ಎಳೆದ್ರೆ ಬರ್ಲಿಲ್ಲ. ಓ ರಿಂಗು ಮಾತ್ರ ಪೈಪಿಗೆ ಸರಿಯಾಗಿ ಒತ್ಕೊಂಡಿರ್ಲಿಲ್ಲ. ಹಗಲು ಯಾಕೆ ಸೋರ್ಲಿಲ್ಲ ಅಂದ್ರೆ ನಮ್ದು ಗ್ರೌಂಡ್ ಫ್ಲೋರು, ಟ್ಯಾಂಕು ಮೂರನೇ ಮಹಡಿ ಮೇಲೆ, ಮೇಲಿನ ಮನೆಯೋರು ಯಾರಾದ್ರೂ ನಲ್ಲಿ ಬಿಟ್ಕೊಂಡೇ ಇರ್ತಾರೆ, ಪ್ರೆಶರ್ ಇಳಿದಿರುತ್ತೆ. ರಾತ್ರಿ ಎಲ್ಲಾ ನಲ್ಲಿ ಬಂದ್, ಪೂರ್ತಿ ಭಾರ ನಮ್ಮ ಲೈನ್ ಮೇಲೆ. ಅಲ್ದೆ ಗಾಳಿಗೆ ಮಾಡಿದ ಪೈಪಲ್ಲಿ ಕುಡಿಯೋ ನೀರು ಬಿಟ್ಟಿದ್ದೇ ತಪ್ಪು, ಅದನ್ನ ಅಮ್ಮಂಗೆ ಹೇಳೋಕೆ ಹೋಗ್ಲಿಲ್ಲ.

ಎರಡನೇ ಸಲ ಆರ್‌ಓ ಸ್ಪೇರ್ಸ್ ಅಂಗಡಿಗೇ ಹೋಗಿ ಕಾಲಿಂಚು ಫುಡ್ ಗ್ರೇಡ್ ಪೈಪು ತಂದೆ, ಬೇಕಾಗಿದ್ದಕ್ಕಿಂತ ಒಂದು ಮೀಟರ್ ಜಾಸ್ತೀನೇ. ಕಟಿಂಗ್ ಪ್ಲೇಯರಲ್ಲಿ ಕತ್ತರಿಸಿದ್ರೆ ತುದಿ ಚಪ್ಪಟೆ ಆಗುತ್ತೆ, ಹಾಗಾಗಿ ಮಣೆ ಮೇಲಿಟ್ಟು ಹೊಸ ಬ್ಲೇಡಲ್ಲಿ ನೇರವಾಗಿ ಕೊಯ್ದೆ. ತುದಿಯಿಂದ 15 ಎಂಎಂಗೆ ಪೆನ್ನಲ್ಲಿ ಗೆರೆ ಹಾಕ್ಕೊಂಡೆ, ಇದು ಮುಖ್ಯ, ಯಾಕಂದ್ರೆ ಪೈಪು ತಳ್ತಿದ್ದ ಹಾಗೆ ಮೊದಲು ಕಾಲೆಟ್ ಹತ್ರ ಒಂದು ಸಲ ಬಿಗಿ ಆಗುತ್ತೆ, ಅಲ್ಲೇ ಮುಗೀತು ಅನ್ಸುತ್ತೆ, ಮುಗಿದಿರಲ್ಲ, ಇನ್ನೂ ಒತ್ತಿದ್ರೆ ಓ ರಿಂಗ್ ದಾಟಿ ತಳಕ್ಕೆ ಕೂರುತ್ತೆ. ಗೆರೆ ಫಿಟಿಂಗ್ ಬಾಯಿಗೆ ಬಂತಾ, ಸರಿ. ಆಮೇಲೆ ಕಾಲೆಟ್ ಒಳಗೆ ಹೋಗದ ಹಾಗೆ ತಡೆಯೋ ಲಾಕ್ ಕ್ಲಿಪ್ಪು. ಬಿಚ್ಬೇಕಾದ್ರೆ ಮೊದಲು ವಾಲ್ವ್ ಬಂದ್ ಮಾಡಿ, ಕ್ಲಿಪ್ ತೆಗೆದು, ಕಾಲೆಟ್ ರಿಂಗನ್ನ ಒಳಗೆ ಒತ್ತಿ ಹಿಡಿದೇ ಎಳೀಬೇಕು, ಇಲ್ಲಾಂದ್ರೆ ಪೈಪ್ ಮೇಲೆ ಗೀರು ಬಿದ್ದು ಅದೇ ತುದಿ ಮತ್ತೆ ಹಾಕಿದ್ರೆ ಸೋರುತ್ತೆ. ಫಿಟಿಂಗಿಂದ ಹೊರಗೆ ಬಂದ ತಕ್ಷಣ ಪೈಪು ಬಗ್ಗಿಸ್ಬೇಡಿ, ಸ್ವಲ್ಪ ದೂರ ನೇರ ಬಿಡಿ. ಬೀದಿ ಕಡೆ ಕಿಟಕಿ ಬಿಸಿಲು ಬೀಳೋ ಜಾಗ ಆದ್ರೆ ಪಾರದರ್ಶಕ ಪೈಪು ಬೇಡ, ಒಳಗೆ ಪಾಚಿ ಕಟ್ಟುತ್ತೆ.

ಆಂಗಲ್ ಕಾಕ್ (ಗೋಡೆಯಿಂದ ಬರೋ ಸಣ್ಣ ವಾಲ್ವು) ಹತ್ರ ಹಾಕೋ ಟೀ, ಅಂದ್ರೆ ಮೂರು ಬಾಯಿನ ಜೋಡಣೆ, ಹಿತ್ತಾಳೆದೇ ತಗೊಂಡೆ. ಟೆಫ್ಲಾನ್ ಟೇಪು ಥ್ರೆಡ್‌ಗೆ ಮಾತ್ರ, ಬಿಗಿ ಮಾಡೋ ದಿಕ್ಕಿಗೇ ಸುತ್ತಬೇಕು. ನಮ್ಮ ಭಾವ ವಾಷಿಂಗ್ ಮಷಿನ್ ಹೋಸ್‌ಗೂ ಸುತ್ತಿದ್ದ, ಅಲ್ಲಿ ರಬ್ಬರ್ ವಾಷರ್ರೇ ಸೀಲು, ಟೇಪು ಸುಮ್ನೆ ಅಲಂಕಾರಕ್ಕೆ.

ಈ ಸಲ ಎಲ್ಲಾ ಜಾಯಿಂಟ್ ಕೆಳಗೂ ಒಣ ನ್ಯೂಸ್ ಪೇಪರ್ ಹಾಸಿ ರಾತ್ರಿಯೆಲ್ಲ ಬಿಟ್ಟೆ. ಬೆಳಿಗ್ಗೆ ಒಂದು ಎಲ್ಬೋ (ಮೂಲೆ ತಿರುಗೋ ಫಿಟಿಂಗ್) ಕೆಳಗೆ ಎಂಟಾಣೆ ಅಗಲ ಒದ್ದೆ, ಅಲ್ಲಿ ಗೆರೆ ಇನ್ನೂ ಹೊರಗೇ ಕಾಣ್ತಿತ್ತು, ಒತ್ತಿದೆ, ನಿಲ್ತು. ಹಿಟ್ಟಿನ ಚೀಲ ಮಾತ್ರ ಅಮ್ಮ ಇನ್ನೂ ಸಿಂಕ್ ಕೆಳಗೆ ಇಡ್ತಿಲ್ಲ.

ಇದೇ ಹುಮ್ಮಸ್ಸಲ್ಲಿ ಫ್ರಿಜ್‌ನ ನೀರಿನ ಲೈನೂ ಎಳೆದೆ. ಅದು ಆಗ್ಲಿಲ್ಲ. ಫ್ರಿಜ್ ಪುಸ್ತಕ ಕೇಳೋದು ಕನಿಷ್ಠ 20 ಪಿಎಸ್‌ಐ ಪ್ರೆಶರ್, ಹತ್ತು ಮೀಟರ್ ಎತ್ತರದ ಟ್ಯಾಂಕಿಂದ ಬರೋದೇ 14. ಆರ್‌ಓದಲ್ಲಿ ಪಂಪ್ ಒಳಗೇ ಇರುತ್ತೆ, ಫ್ರಿಜ್‌ನಲ್ಲಿ ಇಲ್ಲ. ಸಣ್ಣ ಪಂಪ್ ಒಂದು ನೋಡಿಟ್ಟಿದೀನಿ, ಅಲ್ಲಿವರೆಗೂ ಆ ಪೈಪು ತುದಿಗೆ ಪ್ಲಗ್ ಹಾಕ್ಕೊಂಡು ಫ್ರಿಜ್ ಹಿಂದೆ ಸುತ್ಕೊಂಡು ಕೂತಿದೆ.