ಪಾಠ ತಯಾರಿಸುವಾಗಲೇ ಎಲ್ಲರಿಗೂ ಜಾಗ ಇಡಿ

ಪಾಠ ಪೂರ್ತಿ ಸಿದ್ಧವಾದ ಮೇಲೆ "ಕಣ್ಣು ಕಾಣದವರಿಗೆ ಏನು ಮಾಡೋದು, ಕಿವಿ ಕೇಳದವರಿಗೆ ಏನು ಮಾಡೋದು" ಎಂದು ತೇಪೆ ಹಚ್ಚುತ್ತಾ ಕೂತರೆ ಕೆಲಸ ಜಾಸ್ತಿ. ವಾಸ್ತುಶಿಲ್ಪಿ ರೊನಾಲ್ಡ್ ಮೇಸ್ ಮತ್ತು ಸಂಗಡಿಗರು 1997ರಲ್ಲಿ ಸಾರ್ವತ್ರಿಕ ವಿನ್ಯಾಸದ, ಅಂದರೆ ಮೊದಲಿನಿಂದಲೇ ಎಲ್ಲರೂ ಬಳಸುವಂತೆ ರೂಪಿಸುವುದರ, ಏಳು ತತ್ವಗಳನ್ನು ಬರೆದಿಟ್ಟರು. ಮೆಟ್ಟಿಲ ಪಕ್ಕದ ಇಳಿಜಾರು ಗಾಲಿಕುರ್ಚಿಯವರಿಗೂ ಬೇಕು, ಮಗುವಿನ ಗಾಡಿ ತಳ್ಳುವವರಿಗೂ ಬೇಕು ಅಲ್ವಾ? ಪಾಠ ಬರೆಯುವಾಗ ನಾನು ಹಿಡಿಯುವುದೂ ಇದೇ ದಾರಿ.

ಮೊದಲು ಗುರಿಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. "ನೀರು ಆವಿಯಾಗಿ ಮತ್ತೆ ಮಳೆಯಾಗುವುದು ಹೇಗೆ ಎಂದು ವಿವರಿಸಬೇಕು." ಇದರಲ್ಲಿ ಎರಡು ಪುಟ ಬರೆಯಬೇಕು ಅಂತ ಎಲ್ಲೂ ಇಲ್ಲ. ಹಾಗಾದರೆ ಒಬ್ಬರು ಬರೆಯಲಿ, ಒಬ್ಬರು ಬಾಣದ ಗುರುತು ಹಾಕಿ ಚಿತ್ರ ಬಿಡಿಸಲಿ, ಇನ್ನೊಬ್ಬರು ಮಾತಾಡಿ ರೆಕಾರ್ಡ್ ಮಾಡಲಿ. ಅಂಕ ಕೊಡುವ ಅಳತೆ ಮಾತ್ರ ಎಲ್ಲರಿಗೂ ಒಂದೇ: ಆವಿ ಯಾಕೆ ಮೇಲೇರಿತು, ಮೋಡ ಹೇಗಾಯಿತು ಎಂಬ ಕಾರಣ ಬಂದಿದೆಯಾ? ಗುರಿಯೇ ಕಾಗುಣಿತ ಕಲಿಯುವುದಾದರೆ ಮಾತಾಡಿ ತೋರಿಸಿದರೆ ಸಾಲದು. ಆಗ ಕೀಬೋರ್ಡ್ ಕೊಡಿ, ಸಮಯ ಹೆಚ್ಚು ಕೊಡಿ.

ನೋಟ್ಸ್ ಕಳಿಸುವ ಮುಂಚೆ ಒಂದು ಪದದ ಮೇಲೆ ಬೆರಳಿಟ್ಟು ಆಯ್ಕೆ ಮಾಡಿ ನೋಡಿ. ಆಗದಿದ್ದರೆ ಅದು ಬರೀ ಫೋಟೊ, ಪರದೆಯ ಮೇಲಿನ ಅಕ್ಷರವನ್ನು ಗಟ್ಟಿಯಾಗಿ ಓದಿ ಹೇಳುವ ಸ್ಕ್ರೀನ್ ರೀಡರ್‌ಗೆ ಅಲ್ಲಿ ಓದಲು ಅಕ್ಷರವೇ ಇಲ್ಲ. ಟೈಪ್ ಮಾಡಿದ್ದನ್ನೇ ಕೊಡಿ. ತಲೆಬರಹವನ್ನು ಸುಮ್ನೆ ದಪ್ಪ ಮಾಡಬೇಡಿ, ಟೈಪ್ ಮಾಡುವ ತಂತ್ರಾಂಶದಲ್ಲಿರುವ ಹೆಡಿಂಗ್ ಸ್ಟೈಲ್ ಹಾಕಿ. ಆಗ ಕೇಳಿ ಓದುವವರು ಬೇಕಾದ ಭಾಗಕ್ಕೆ ನೇರ ಹೋಗಬಹುದು. ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಕಾಂಟ್ರಾಸ್ಟ್ (ಹೊಳಪಿನ ವ್ಯತ್ಯಾಸ) ಇರಲಿ. ತಿಳಿ ಬೂದು ಅಕ್ಷರ ಯಾರಿಗೂ ಒಳ್ಳೆಯದಲ್ಲ. "ಕೆಂಪಲ್ಲಿರೋದು ಮುಖ್ಯ" ಎನ್ನುವ ಬದಲು ಅದರ ಪಕ್ಕ ಒಂದು ನಕ್ಷತ್ರವನ್ನೂ ಹಾಕಿ.

ಬೋರ್ಡಿನ ಮುಂದೆ ನಿಂತು ಸಮೀಕರಣ ಬಿಡಿಸುವಾಗ "ಇದನ್ನು ತಗೊಂಡು ಅಲ್ಲಿ ಹಾಕಿದರೆ ಇದು ಬರುತ್ತೆ" ಎನ್ನಬೇಡಿ. "ಎಡಗಡೆಯ ಕೂಡು ಮೂರು ಬಲಗಡೆಗೆ ಹೋದರೆ ಕಳೆ ಮೂರು ಆಗುತ್ತೆ" ಎನ್ನಿ. ನೋಡಲಾಗದವರಿಗೆ ಮಾತ್ರವಲ್ಲ, ಆಗ ತಾನೇ ತಲೆ ತಗ್ಗಿಸಿ ಬರೆದುಕೊಳ್ಳುತ್ತಿದ್ದವರಿಗೂ ದಾರಿ ತಪ್ಪುವುದಿಲ್ಲ. ಬೋರ್ಡ್ ಕಡೆ ಮುಖ ಮಾಡಿಕೊಂಡು ಮಾತಾಡಬೇಡಿ, ತುಟಿ ನೋಡಿ ಅರ್ಥ ಮಾಡಿಕೊಳ್ಳುವವರಿರುತ್ತಾರೆ. ಬರೆದು ಮುಗಿಸಿ, ತಿರುಗಿ, ಆಮೇಲೆ ಹೇಳಿ.

ವಿಡಿಯೊಗೆ ಕ್ಯಾಪ್ಶನ್, ಅಂದರೆ ಮಾತನ್ನು ಪರದೆಯ ಮೇಲೆ ಅಕ್ಷರದಲ್ಲಿ ತೋರಿಸುವ ಸಾಲು, ಬೇಕೇ ಬೇಕು. ತಾನಾಗಿ ಬರುವ ಕ್ಯಾಪ್ಶನ್ ಹೆಸರು, ಪಾರಿಭಾಷಿಕ ಪದಗಳಲ್ಲಿ ಆಗಾಗ ಎಡವುತ್ತದೆ, ಕೂತು ತಿದ್ದಿ.

ಕೊನೆಗೆ "ಅರ್ಥ ಆಯ್ತಾ?" ಎಂದರೆ ಎಲ್ಲರೂ ತಲೆಯಾಡಿಸುತ್ತಾರೆ. "ಎಲ್ಲಿ ಕಷ್ಟ ಆಯ್ತು? ಓದೋಕಾ, ಕೇಳೋಕಾ, ಬರೆಯೋಕಾ?" ಎಂದು ಕೇಳಿ. ಹೆಸರಿಲ್ಲದ ಚೀಟಿಯಲ್ಲಿ ಬರೆದರೂ ಸರಿ, ಬಂದು ಹೇಳಿದರೂ ಸರಿ.