ತರಗತಿಯಲ್ಲೊಂದು ಕಥೆ ಕೇಳುವ ಮೂಲೆ

ಆಡಿಯೋ ಪುಸ್ತಕ ಕೇಳಿಸೋಕೆ ಹೊಸ ಟ್ಯಾಬ್ ಬೇಕಿಲ್ಲ, ಸಿಮ್ ಇಲ್ಲದ ಹಳೇ ಫೋನ್ ಸಾಕು. ಕಥೆಗಳನ್ನು ಮೊದಲೇ ಡೌನ್‌ಲೋಡ್ ಮಾಡಿ, ಏರೋಪ್ಲೇನ್ ಮೋಡ್ ಹಾಕಿಡಿ. ಆಂಡ್ರಾಯ್ಡ್‌ನಲ್ಲಿ ಸ್ಕ್ರೀನ್ ಪಿನ್ನಿಂಗ್ ಆನ್ ಮಾಡಿದರೆ ಮಕ್ಕಳು ಬೇರೆ ಆ್ಯಪ್‌ಗೆ ಹಾರುವುದಿಲ್ಲ. ಹೊರಬರಲು ಪಿನ್ ಕೇಳುವಂತೆಯೂ ಮಾಡಿ, ಇಲ್ಲದಿದ್ದರೆ ಎರಡೇ ದಿನದಲ್ಲಿ ದಾರಿ ಕಂಡುಕೊಳ್ಳುತ್ತಾರೆ!

ಬ್ಲೂಟೂತ್ ಸಹವಾಸ ಬೇಡ. ಕಥೆಯ ನಡುವೆಯೇ ಚಾರ್ಜ್ ಮುಗಿಯುತ್ತದೆ, ಒಬ್ಬರ ಹೆಡ್‌ಫೋನ್ ಪಕ್ಕದ ಫೋನಿಗೆ ಹೋಗಿ ಅಂಟಿಕೊಳ್ಳುತ್ತದೆ. ವೈರ್ ಹೆಡ್‌ಫೋನು, ಜೊತೆಗೆ 3.5 ಮಿ.ಮೀ. ಸ್ಪ್ಲಿಟರ್ (ಒಂದೇ ಜ್ಯಾಕ್‌ಗೆ ಹಲವು ಹೆಡ್‌ಫೋನ್ ಜೋಡಿಸುವ ಸಾಧನ) ಇದ್ದರೆ ನಾಲ್ಕೈದು ಮಕ್ಕಳು ಒಟ್ಟಿಗೆ ಕೇಳಬಹುದು. ಫೋನಿನಲ್ಲಿ ಆ ಜ್ಯಾಕ್ ಇದೆಯಾ ಅಂತ ಮೊದಲು ನೋಡಿ. ಸದ್ದು 85 ಡೆಸಿಬೆಲ್ ದಾಟದ ಮಕ್ಕಳ ಹೆಡ್‌ಫೋನ್ ಆದರೆ ಒಳ್ಳೆಯದು.

ಅದೇ ಕಥೆಯ ಅಚ್ಚಾದ ಪುಸ್ತಕವನ್ನೂ ಮುಂದಿಡಿ. ಕೇಳುತ್ತಾ ಸಾಲಿನ ಮೇಲೆ ಬೆರಳು ಓಡಿಸಲಿ. ಬೆರಳು ನಿಂತಲ್ಲಿ ಆಡಿಯೋ ವೇಗವನ್ನು 0.8ಕ್ಕೆ ಇಳಿಸಿ ನೋಡಿ.